ಹೊಸ್ತಿಲಲ್ಲಿ ಖಾಲಿ ಬಿಟ್ಟ ಜಾಗ

ಮಣ್ಣು ಮಾಡಿ ಬಂದವರು ಬೂಟು ಬಿಚ್ಚುವ ಮೊದಲೇ ನಾದಿನಿ ಮೇಜಿನ ಮೇಲಿನ ಹಾಳೆಗಳನ್ನು ಬಾಚತೊಡಗಿದಳು.

"ಮುಟ್ಬೇಡಮ್ಮ, ನಿಮ್ಮಕ್ಕಂದು ಅದು," ಎಂದು ಮುದುಕ ಗದರಿದ.

"ಮತ್ತೆ ಟೀ ಲೋಟ ಎಲ್ಲಿಡ್ಲಿ ಭಾವ, ನಿಮ್ಮ ತಲೆ ಮೇಲಾ?"

ಬಂದವರು ನಕ್ಕರು. ಸಾವಿನ ಮನೆಯೆಂದು ಬಾಯಿ ಹೊಲಿದುಕೊಂಡು ಕೂತಿದ್ದರೆ ಹೋದವಳೇ ಎದ್ದು ಬಂದು ಬೈಯುತ್ತಿದ್ದಳು. ಜೀವಮಾನವಿಡೀ ಇಂಗ್ಲಿಷ್ ಕಾದಂಬರಿಗಳನ್ನು ಫ್ರೆಂಚಿಗೆ ತಂದವಳು. ಬಸ್ಸು ಓಡಿಸಿಕೊಂಡಿದ್ದ ಈ ಮುದುಕ ಗಂಡನಿಗೆ ಆ ಎರಡು ಭಾಷೆಗಳೂ ಅಷ್ಟಕ್ಕಷ್ಟೆ.

ಅವಳ ಪುಸ್ತಕಗಳ ಪ್ರಕಾಶಕಿ ಹಾಳೆಗಳನ್ನು ಮಡಿಲಿಗೆ ತೆಗೆದುಕೊಂಡಳು. "ಯಜಮಾನ್ರೇ, ಕೊನೇ ಪುಟದಲ್ಲಿ ಒಂದು ಜಾಗ ಖಾಲಿ ಬಿಟ್ಟಿದಾರೆ. ಮಗಳು ಮನೆ ಬಿಟ್ಟು ಹೊರಡ್ತಾಳೆ, ತಾಯಿ 'ಟೇಕ್ ಕೇರ್' ಅಂತಾಳೆ. ಅದಕ್ಕೇನು ಹಾಕ್ಬೇಕು ಅಂತ ಹೇಳಿದ್ರಾ? ಇಲ್ಲಾಂದ್ರೆ ಬೇರೆಯೋರ ಹತ್ರ ಬರೆಸ್ಬೇಕಾಗುತ್ತೆ."

ಮುದುಕ ಹಾಳೆಗಳತ್ತ ಕೈ ಚಾಚಿದ. ಅವಳ ಕೊನೆಯ ಪುಸ್ತಕದ ಕೊನೆಯ ಮಾತಿಗೆ ಬೇರೆಯವರ ಕೈಯೇ?

* * *

"ಇನ್ನೊಂದ್ಸಲ ಹೊರಡ್ರೀ," ಎಂದಿದ್ದಳು ಹೆಂಡತಿ, ಆ ಕೊನೆಯ ಪುಟಕ್ಕೆ ಬಂದ ದಿನ.

"ಎಲ್ಲಿಗೆ ಹೊರಡ್ಲಿ? ಬಸ್ಸು ಬಿಟ್ಟು ಎಷ್ಟು ಕಾಲ ಆಯ್ತು!"

"ಸುಮ್ನೆ ಬಾಗಿಲು ದಾಟಿ. ನನ್ನ ಬಾಯಿಂದ ಏನು ಬರುತ್ತೆ ನೋಡ್ಬೇಕು."

ಮಾತು ಸಿಕ್ಕಿಹಾಕಿಕೊಂಡಾಗ ಅವಳ ವರಸೆಯೇ ಅದು: ಮನೆಯವರೆಲ್ಲ ಆಡಿ ತೋರಿಸಬೇಕು. ಪಕ್ಕದ ಮನೆಯ ಕ್ಷೌರಿಕನನ್ನೂ ಕರೆದು ಬಾಗಿಲು ದಾಟಿಸಿದ್ದಳು. "ಅಮ್ಮಾ, ನನ್ನನ್ನ ಹೊರಗೆ ಹಾಕೋಕೆ ಇಷ್ಟು ನೆಪ ಬೇಕಾ?" ಎಂದಿದ್ದ ಅವನು.

"ಪದಕ್ಕೆ ಪದ ಇಟ್ರೆ ಡಾಕ್ಟ್ರು ರೋಗಿಗೆ ಹೇಳಿದ ಹಾಗಾಗುತ್ತೆ ರೀ. ಕಥೆಯ ಈ ಮಗಳು ಗುಂಡುಕಲ್ಲಿನಂಥ ಹುಡುಗಿ!"

ಮುದುಕ ಮತ್ತೆ ಹೊರಟ. ಅವಳು ಹಿಂದಿನಿಂದ ಬಂದು ಅವನ ಮಫ್ಲರಿನ ತುದಿಗಳನ್ನು ಎಳೆದು, ಗಂಟು ಬಿಗಿದು, ಕೋಟಿನೊಳಗೆ ತುರುಕಿದಳು. ಆಮೇಲೆ ಹಣೆ ಚಚ್ಚಿಕೊಂಡಳು. "ಥೂ, ಈ ಸಲನೂ ಬಾಯಿಗೆ ಏನೂ ಬರ್ಲಿಲ್ಲ!"

* * *

"ಇಲ್ಲಮ್ಮ, ಏನೂ ಹೇಳ್ಲಿಲ್ಲ," ಎಂದ ಮುದುಕ.

ಪ್ರಕಾಶಕಿ ಹಾಳೆಗಳನ್ನು ಚೀಲಕ್ಕೆ ಹಾಕಿ ಎದ್ದಳು. ಬಾಗಿಲು ತೆರೆದದ್ದೇ ಗಾಳಿ ನುಗ್ಗಿತು. ಮುದುಕನ ಕೈ ತನ್ನಷ್ಟಕ್ಕೇ ಎದ್ದಿತು: ಪ್ರಕಾಶಕಿಯ ಮಫ್ಲರಿನ ತುದಿಗಳನ್ನು ಎಳೆದು, ಗಂಟು ಬಿಗಿದು, ಕೋಟಿನೊಳಗೆ ತುರುಕಿತು.

"ತಪ್ಪು ತಿಳೀಬೇಡಿ," ಎಂದು ಅವನು ನಾಚಿದ. "ಅವಳು ದಿನಾ ಹೀಗೇ ಮಾಡೋಳು. ನಾನು ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಟಾಗ. ಒಂದು ಮಾತೂ ಆಡ್ತಿರ್ಲಿಲ್ಲ."

ಪ್ರಕಾಶಕಿ ಅಲ್ಲೇ ನಿಂತಳು. ಹೊಸ್ತಿಲ ಮೇಲೆ ಚೀಲ ಇಳಿಸಿ, ಕೊನೆಯ ಪುಟ ತೆಗೆದು, ಗೋಡೆಗೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಒಂದು ಸಾಲು ಬರೆದಳು.

"ಏನು ಬರೆದ್ರಿ?"

"ತಾಯಿ ಏನೂ ಹೇಳಲ್ಲ. ಮಗಳ ಮಫ್ಲರು ಬಿಗೀತಾಳೆ. ಸರಿನಾ ಯಜಮಾನ್ರೇ? ಇದು ಅವರದೇ ತಾನೆ?"

"ಅವಳದೇ," ಎಂದ ಮುದುಕ. ಅಷ್ಟೂ ಚಳಿಗಾಲ ತನ್ನ ಕತ್ತು ಬೆಚ್ಚಗಿತ್ತೆಂಬುದು ಅವನಿಗೆ ಈಗ ಹೊಳೆಯಿತು. "ನೋಡು, ಸಿಕ್ತಲ್ಲ!" ಎಂದು ಮೇಜಿನ ಕಡೆ ತಿರುಗಿ ಹೇಳಿಯೇಬಿಟ್ಟ. ಟೀ ಲೋಟ ಇಡುತ್ತಿದ್ದ ನಾದಿನಿ ಕಣ್ಣೊರೆಸಿಕೊಂಡಳು.

ಬೀದಿಯಲ್ಲಿ ಗಾಳಿ ಅಂಗಡಿಗಳ ಪರದೆಗಳನ್ನೂ ಜನರ ಟೋಪಿಗಳನ್ನೂ ಎಳೆದಾಡುತ್ತಿತ್ತು. ಪ್ರಕಾಶಕಿ ಚೀಲ ಅವುಚಿಕೊಂಡು ತಿರುವಿನವರೆಗೂ ಹೋದಳು. ಕತ್ತಿನ ಗಂಟು ಮಾತ್ರ ಅಲುಗಲಿಲ್ಲ.