ಅಳತೆಯ ಕೈ

ಎಷ್ಟು ಸಲ ಮಡಿಚಿದರೂ ಗುರುಪಾದಪ್ಪನ ಎಡಗೈ ಮತ್ತೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಬೆರಳು ಮುಚ್ಚಿಸಬೇಕಾದ ಅಯ್ಯನವರು ಮೂರನೆಯ ಸಲವೂ ಸೋತು, ವಿಭೂತಿ ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ರಾಮತೀರ್ಥ ನಗರದ ಆ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಆನಿಸಿ ಕೂಡಿಸಿದ್ದ ಹೆಣದ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು.

"ಕೈ ಮುಚ್ಚವಲ್ದು. ಲಿಂಗ ಜಾರಿದ್ರ ಹೆಂಗ್ರೀ? ಹಿಂಗ ಒಯ್ಯಾಕ ಬರೂದಿಲ್ಲ," ಎಂದರು ಅಯ್ಯನವರು.

ಆ ಕೈಯ ಗುರುತು ಹತ್ತಿದ್ದು ಹೆಂಡತಿ ಕಾಶವ್ವನಿಗೆ ಮಾತ್ರ. ನಾಲ್ಕು ಬೆರಳು ಜೋಡಿಸಿ, ಹೆಬ್ಬೆರಳು ದೂರ ಚಾಚಿ, ಗಂಡ ಕಾಡುಹೂವಿನ ಪಕ್ಕ ಇಡುತ್ತಿದ್ದ ಕೈ ಅದು.

ಗುರುಪಾದಪ್ಪ ಸರ್ವೇ ಇಲಾಖೆಯಲ್ಲಿ ಭೂಮಿ ಅಳೆದೇ ಮುದುಕನಾದವನು. ನಿವೃತ್ತನಾದ ಮೇಲೆ ಪ್ರತಿ ಭಾನುವಾರ ಒಬ್ಬನೇ ಜಾಂಬೋಟಿ ಕಾಡಿಗೆ ಹೋಗಿ ಗಿಡಗಳ ಫೋಟೋ ತೆಗೆಯುತ್ತಿದ್ದ. ಅಳತೆ ಗೊತ್ತಾಗದ ಫೋಟೋ ಸುಳ್ಳು ಅನ್ನುವುದು ಅವನ ವಾದ. ಅದಕ್ಕೇ ಹನ್ನೊಂದು ಸಾವಿರ ಚಿತ್ರಗಳಲ್ಲೂ ಹೂವಿನ ಪಕ್ಕ ಅವನ ಎಡಗೈ ಇತ್ತು, ಒಂದರಲ್ಲೂ ಮುಖವಿರಲಿಲ್ಲ. ಬೆಳಗಿನಿಂದ ಮಗಳು ಐಶ್ವರ್ಯಾ ಮಾಲೆ ಹಾಕಲೊಂದು ಫೋಟೋ ಹುಡುಕಿ ಸಾಕಾಗಿದ್ದಳು. ಆಧಾರ್ ಕಾರ್ಡಿನಲ್ಲಿ ಒಂದಿತ್ತು, ಆದರೆ ಅದರಲ್ಲಿ ಪಾಪದ ಮನುಷ್ಯ ದನ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತಿದ್ದ.

*

ಕಾಶವ್ವ ಅವನ ಜೊತೆ ಕಾಡಿಗೆ ಹೋಗಿದ್ದು ಒಂದೇ ಸಲ, ಮಳೆಗಾಲದ ಮೊದಲಲ್ಲಿ. ಮರದ ತೊಗಟೆಗೆ ಅಂಟಿ ಅರಳಿದ್ದ ಸೀತೆದಂಡೆಯ ಪಕ್ಕ ಕೈಯಿಟ್ಟು ಅವನು ಅರ್ಧ ತಾಸು ಉಸಿರು ಬಿಗಿಹಿಡಿದಿದ್ದ. ಅವಳಿಗೆ ಹೊಟ್ಟೆ ಉರಿಯಿತು. ಹೂವಿನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ತಾನೊಬ್ಬಳೇ ಇರಬೇಕು ಅನ್ನಿಸಿ ನಗುವೂ ಬಂತು.

"ನಂದೊಂದು ಫೋಟೋ ತಗಿಯಾಕ ಬರಂಗಿಲ್ಲೇನ್ರೀ?"

"ನೀ ಎಷ್ಟ ಉದ್ದ ಅಂತ ನನಗ ಗೊತ್ತೈತಿ. ತಗದ ಏನ ಮಾಡ್ಲಿ?"

ಖಾನಾಪುರಕ್ಕೆ ಬಂದು ಇಬ್ಬರೂ ಚಹಾ ಕುಡಿಯಲು ಕೂತರು. ಅಲ್ಲಿ ಅವಳು, ನಾಳೆ ನಿಮ್ಮ ಫೋಟೋ ಬೇಕಾದರೆ ಯಾರು ತೆಗೆಯುತ್ತಾರೆ ಎಂದು ಕುಟುಕಿದಳು.

"ಯಾರರ ತಗೀತಾರ ಬಿಡ," ಎಂದು ಅವನು ಬಸಿಯಲ್ಲಿ ಚಹಾ ಸುರಿದುಕೊಂಡ. "ನೀ ಬಾಜೂಕ ಕೈ ಇಟ್ರ ಸಾಕು. ಅಳತಿ ಸಿಗತೈತಿ."

*

ಹತ್ತು ಗಂಟೆಯ ಸುಮಾರಿಗೆ ಮುತ್ತಪ್ಪ ಬಂದ. ನಿನ್ನೆ ಎಮ್ಮೆ ಮೇಯಿಸುವಾಗ, ಮರಕ್ಕೆ ಒರಗಿ ಕೂತಲ್ಲೇ ಜೀವ ಬಿಟ್ಟಿದ್ದ ಗುರುಪಾದಪ್ಪನನ್ನು ಮೊದಲು ಕಂಡವನು ಅವನೇ. ಗಡಿಬಿಡಿಯಲ್ಲಿ ತನ್ನ ಬಳಿಯೇ ಉಳಿದ ಕ್ಯಾಮೆರಾ ಕೊಡಲು ಜಾಂಬೋಟಿಯಿಂದ ಮೊದಲ ಬಸ್ಸು ಹಿಡಿದಿದ್ದ.

ಐಶ್ವರ್ಯಾ ಒಳಕೋಣೆಯಲ್ಲಿ ಕ್ಯಾಮೆರಾ ತೆರೆದು ಕೊನೆಯ ಚಿತ್ರ ನೋಡಿದವಳೇ ತಾಯಿಯನ್ನೂ ಮುತ್ತಪ್ಪನನ್ನೂ ಕರೆದಳು.

ಚಿತ್ರದಲ್ಲಿ ಗುರುಪಾದಪ್ಪ ಇದ್ದ. ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ, ಕಣ್ಣು ಮುಚ್ಚಿದ್ದವು, ಮುಖ ಶಾಂತವಾಗಿತ್ತು. ಕ್ಯಾಮೆರಾ ಅವನ ಎದೆಯ ಮೇಲೇ ನೇತಾಡುತ್ತಿತ್ತು.

"ಇದನ್ನ ಯಾರ ತಗದ್ರಿ, ಕಾಕಾ?" ಎಂದು ಐಶ್ವರ್ಯಾ ಕೇಳಿದಳು.

ಮುತ್ತಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಅಲ್ಲಿ ಯಾರೂ ಇದ್ದಿಲ್ಲವ್ವಾ. ರಾಡ್ಯಾಗ ಹೆಜ್ಜಿ ಸುದ್ದಾ ಅವರೊಬ್ಬರದ ಇದ್ದೂ."

ಕಾಶವ್ವ ನೋಡುತ್ತಿದ್ದುದು ಬೇರೆಯದನ್ನು. ಚಿತ್ರದ ಅಂಚಿನಿಂದ ಒಂದು ಎಡಗೈ ಚಾಚಿ ಅವನ ಭುಜದ ಪಕ್ಕ ತೊಗಟೆಯ ಮೇಲೆ ಅಳತೆಗೆ ನಿಂತಿತ್ತು. ಮಣಿಕಟ್ಟಿಗೆ ನಾಲ್ಕು ಹಸಿರು ಬಳೆ, ಹೆಬ್ಬೆರಳ ಬುಡದಲ್ಲಿ ರೊಟ್ಟಿ ಹಂಚು ತಾಗಿ ಸುಟ್ಟ ಕಲೆ. ಬಳೆಗಳ ನಡುವೆ ಒಂದಿಷ್ಟು ಪಾಚಿ ಸಿಕ್ಕಿಕೊಂಡಿತ್ತು.

"ಅವ್ವಾ," ಮಗಳ ದನಿ ಇಳಿದಿತ್ತು, "ಇದು ನಿನ್ನ ಕೈ."

ಚಿತ್ರದಲ್ಲಿ ನಮೂದಾಗಿದ್ದ ವೇಳೆ ನಿನ್ನೆ ಹನ್ನೊಂದು ಗಂಟೆ ಹತ್ತು ನಿಮಿಷ. ಆ ಹೊತ್ತಿಗೆ ಕಾಶವ್ವ ಇದೇ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಇದ್ದಕ್ಕಿದ್ದಂತೆ ಎಡಗೈ ಜೋಮು ಹಿಡಿದು ತಣ್ಣಗಾಗಿ, ಐಶ್ವರ್ಯಾಳೇ ಎಣ್ಣೆ ತಿಕ್ಕಿದ್ದಳು. ಇಬ್ಬರಿಗೂ ಅದು ಒಟ್ಟಿಗೇ ನೆನಪಾಯಿತು. ಕಾಶವ್ವನಿಗೆ ಹೆದರಿಕೆಯಾಯಿತು. ಅದರ ಬೆನ್ನಿಗೇ ಸಂತೋಷವೂ ಆಯಿತು, ಹೆಣ ಹೊರಗಿರುವಾಗ ಆಗಬಾರದ ಸಂತೋಷ.

ಚಿತ್ರದಿಂದ ಆ ಕೈಯನ್ನು ಕತ್ತರಿಸಿ ಮುಖವಷ್ಟೇ ಪ್ರಿಂಟ್ ಹಾಕಿಸಲೇ ಎಂದು ಮಗಳು ಕೇಳಿದಳು.

"ಬ್ಯಾಡ," ಎಂದಳು ಕಾಶವ್ವ. "ಹಂಗ ಇರ್ಲಿ. ಅಳತಿ ಇರ್ಲಿ."

ಅವಳು ಪಡಸಾಲೆಗೆ ಬಂದು ಗಂಡನ ಪಕ್ಕ ಕೂತಳು. ಅಯ್ಯನವರು ಮತ್ತೆ ಲಿಂಗವಿಟ್ಟಿದ್ದ ಅವನ ಬಿಚ್ಚಿದ ಕೈಯ ಬಾಜೂಕ್ಕೆ ತನ್ನ ಎಡಗೈಯನ್ನು ಚಪ್ಪಟೆಯಾಗಿ ಇಟ್ಟಳು. ಅವನ ಕೈಯನ್ನು ಯಾರೂ ಮುಟ್ಟಲಿಲ್ಲ. ಅವನ ಬೆರಳುಗಳು ಒಂದೊಂದಾಗಿ ಮಡಿಚಿಕೊಂಡು ಲಿಂಗವನ್ನು ಹಿಡಿದವು. ಅಯ್ಯನವರು ಮಂತ್ರ ತಪ್ಪಿ, ಮತ್ತೆ ಮೊದಲಿನಿಂದ ಹಿಡಿದರು.

ಮಣ್ಣು ಮುಗಿಸಿ ಬಂದ ಮೇಲೆ, ನಾದಿನಿ ಕಾಡವ್ವ ಅವಳನ್ನು ಬಚ್ಚಲ ಬಾಗಿಲಲ್ಲಿ ಕೂಡಿಸಿಕೊಂಡು ಬಳೆ ತೆಗೆಯತೊಡಗಿದಳು. ಮೂರನೆಯ ಬಳೆ ಜಾರುವಾಗ ಒಣಗಿದ ಫರಸಿಕಲ್ಲಿನ ಮೇಲೆ ಉಗುರಿನಷ್ಟು ಹಸಿ ಪಾಚಿ ಬಿತ್ತು. ಅದರ ಸುತ್ತ ಮೆಲ್ಲಗೆ ನೀರು ಹರಡಿತು.