ಕುದಿಸಿದರೂ ಉಳಿದ ವಿಷ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಂಡವರೆಲ್ಲ ವಾಂತಿ ಮಾಡಿಕೊಂಡು ಮಲಗಿದಾಗ ಗುತ್ತಿಗೆದಾರ ತಪ್ಪನ್ನು ಅಡುಗೆಯವಳ ತಲೆಗೆ ಕಟ್ಟಿದ. "ನಿನ್ನ ಕೊಳಕು ಕೈ ತೋರ್ಸು, ಎಲ್ರೂ ನೋಡ್ಲಿ" ಎಂದು ಅವಳನ್ನು ಸಾಲಾಗಿ ಕೂತ ಕೆಲಸಗಾರರೆದುರು ನಿಲ್ಲಿಸಿ, ಆಮೇಲೆ ಹೊರಗೆ ಹಾಕಿದ. ಫ್ರಿಜ್ ಕೆಟ್ಟಿದೆಯೆಂದು ಅವಳು ಬಾಯಿ ನೋಯುವಷ್ಟು ಹೇಳಿದ್ದಳು. ಅವನು ಉಳಿದ ಮಾಂಸವನ್ನು ಚೆನ್ನಾಗಿ ಕುದಿಸಿ ಲ್ಯಾಬಿಗೆ ಮಾದರಿ ಕೊಟ್ಟ. ಪರೀಕ್ಷೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಸಿಗಲಿಲ್ಲ, ಅದು ಬಿಟ್ಟುಹೋದ ವಿಷವನ್ನು ಯಾರೂ ಹುಡುಕಲಿಲ್ಲ. ಅವನು ಪಾರಾದ. ಅವಳಿಗೆ ಮತ್ತೆಲ್ಲೂ ಕೆಲಸ ಸಿಗಲಿಲ್ಲ.

ಅವಳ ತಂಗಿ ಹಲ್ಲು ಕಚ್ಚಿ ಓದಿ ಆಹಾರ ಪರೀಕ್ಷೆಯ ಲ್ಯಾಬ್ ಸೇರಿದಳು. ಇವತ್ತಲ್ಲ ನಾಳೆ ಅವನ ಅಡುಗೆಯ ಮಾದರಿ ತನ್ನ ಮೇಜಿಗೆ ಬಂದೇ ಬರುತ್ತದೆಂದು ಕಾದಳು.

ಬಂತು. ಈ ಸಲ ಶಾಲೆಯೊಂದರ ಮಕ್ಕಳು ಆಸ್ಪತ್ರೆ ಸೇರಿದ್ದರು. ಊಟ ಕೊಟ್ಟವನು ಅವನೇ.

ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಲ್ಯಾಬಿನಲ್ಲಿ ಅದೇ ಬ್ಯಾಕ್ಟೀರಿಯಾದ ಅಸಲಿ ವಿಷದ ಪುಟ್ಟ ಸೀಸೆಯೊಂದಿತ್ತು. ಅದನ್ನು ಕೈಗೆತ್ತಿಕೊಂಡಳು. ಮಾದರಿಗೆ ಒಂದು ಹನಿ ಬಿದ್ದರೆ ಸಾಕು, ಅವನ ಕಥೆ ಮುಗಿಯಿತು. ಆದರೆ ಸೀಲಾಗಿರುವ ಇನ್ನೊಂದು ಭಾಗದ ಮರುಪರೀಕ್ಷೆಯನ್ನು ಅವನು ಕೇಳಿದರೆ? ಲ್ಯಾಬಿನವಳು ಅಡುಗೆಯವಳ ತಂಗಿ ಎಂದು ಗೊತ್ತಾದರೆ? ಮತ್ತೆ ನುಣುಚಿಕೊಳ್ಳುತ್ತಾನೆ. ಅವನಿಗೆ ಒಂದು ಕಿಂಡಿಯನ್ನೂ ಬಿಡಬಾರದು.

ಸೀಸೆ ಇಟ್ಟು ನೇರ ಮುಖ್ಯಸ್ಥರ ಕೋಣೆಗೆ ಹೋದಳು. "ಸರ್, ಇವನು ನಮ್ಮಕ್ಕನ ಬದುಕು ಹಾಳು ಮಾಡಿದವನು. ಈ ಮಾದರೀನ ನಾನು ಮುಟ್ಟಲ್ಲ, ನೀವೇ ಮಾಡಿ. ಬರೀ ಬ್ಯಾಕ್ಟೀರಿಯಾ ಅಲ್ಲ, ವಿಷಾನೂ ನೋಡಿ."

ಗಾಜಿನ ಬಾಗಿಲ ಹೊರಗೆ ನಿಂತು ನೋಡಿದಳು. ವಿಷವಿದ್ದರೆ ಪರೀಕ್ಷೆಯ ತಟ್ಟೆಯ ಪುಟ್ಟ ಗುಳಿಗಳಿಗೆ ಬಣ್ಣ ಬರಬೇಕು. ಬಂತು, ಗಾಢವಾಗಿ. ಅವಳ ಎದೆ ತಣ್ಣಗಾಯಿತು.

ವರದಿ ತಿಳಿದು ಗುತ್ತಿಗೆದಾರ ಏದುಸಿರು ಬಿಡುತ್ತ ಬಂದ. "ಚೆನ್ನಾಗಿ ಕುದ್ಸಿದೀವಿ ಸಾರ್! ಹೇಗೆ ಸಾಧ್ಯ?"

"ಬ್ಯಾಕ್ಟೀರಿಯಾ ಸತ್ತಿದೆ. ಅದು ಬಿಟ್ಟುಹೋದ ವಿಷ ಕುದಿಸಿದ್ರೆ ಹೋಗಲ್ಲ" ಎಂದರು ಮುಖ್ಯಸ್ಥರು.

ಅವನ ಕಣ್ಣು ಅಕ್ಕನದೇ ಅಚ್ಚಿನಂತಿದ್ದ ಅವಳ ಮುಖದ ಮೇಲೆ ನಿಂತಿತು. "ಇವಳು ಆ ಅಡುಗೆಯವಳ ತಂಗಿ ಅಲ್ವಾ? ಇವಳೇ ಏನೋ ಬೆರೆಸಿದಾಳೆ!"

"ನಾನು ಮುಟ್ಟೇ ಇಲ್ಲ. ಬೇಕಾದ್ರೆ ಬೇರೆ ಲ್ಯಾಬಿಗೆ ಕಳ್ಸಿ" ಎಂದಳು, ಒಂದೊಂದೇ ಮಾತು ಬಿಡಿಸಿ.

ಮುಖ್ಯಸ್ಥರು ಸೀಲಾಗಿದ್ದ ಇನ್ನೊಂದು ಭಾಗವನ್ನು ಕಳಿಸಿದರು. ಅಲ್ಲೂ ಅದೇ ಬಂತು. ಮಕ್ಕಳು ಚೇತರಿಸಿಕೊಂಡರು. ಅವನ ಅಡುಗೆಮನೆಗೆ ಬೀಗ ಬಿತ್ತು, ಕೇಸೂ ಬಿತ್ತು.

ಮನೆಗೆ ಬಂದು ಎಲ್ಲ ಹೇಳಿದಾಗ ಅಕ್ಕ ಒಲೆ ಆರಿಸಿ ಬಂದಳು. ಆಮೇಲೆ ಕೇಳಿದಳು, "ಅವನ ಮುಖ ಹೇಗಾಯ್ತೇ?"

"ಸುಣ್ಣ ಬಳ್ದಂಗೆ."

ಅಕ್ಕ ಹತ್ತಿರ ಸರಿದು ಕೂತಳು. "ಇನ್ನೊಂದ್ಸಲ ಹೇಳು. ಮೊದಲಿಂದ."