ಪೂಜೆಗೆ ಕೂತ ಬೋರ್ಡು

ಬೀರುವಿನ ಬಾಗಿಲು ತೆರೆದದ್ದೇ ತಡ, ಪ್ರಿಯಂವದಾಳ ಪಿತ್ತ ನೆತ್ತಿಗೇರಿತು. ಆಷಾಢದಲ್ಲಿ ತಾನು ಈ ಶಾಲೆಗೆ ಕೊಟ್ಟುಹೋಗಿದ್ದ ಸರ್ಕ್ಯೂಟ್ ಬೋರ್ಡುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಗಂಧ, ಕುಂಕುಮ, ಮೇಲೊಂದು ಚೆಂಡು ಹೂ.

"ಇವತ್ತು ಬೆಳಿಗ್ಗೆನ ಆಯುಧಪೂಜಿ ಮುಗಿಸಿದ್ವಿ ಮೇಡಂ. ನಾಳೆಯಿಂದ ದಸರಾ ರಜಾ ಅಲ್ರೀ," ಎಂದರು ವಿಜ್ಞಾನದ ಟೀಚರ್ ರೇಣುಕಾದೇವಿ. "ಒಂದಕ್ಕೂ ಗೀರು ಬಿದ್ದಿಲ್ಲ, ನೋಡ್ರಿ."

ಗೀರು ಬೀಳಲೆಂದೇ ಅಲ್ಲವೇ ಕೊಟ್ಟದ್ದು! ಹೊಸಪೇಟೆಯ ಮನೆಯ ಮಹಡಿಯಲ್ಲಿ ಕೂತು ಎರಡು ವರ್ಷ ಈ ಬೋರ್ಡಿಗಾಗಿ ತಲೆ ಕೆಡಿಸಿಕೊಂಡಿದ್ದಳು ಅವಳು. ಪ್ರೋಗ್ರಾಂ ಎಂದರೇನೆಂದು ತಿಳಿಯದ ಮಗುವೂ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ಇದಕ್ಕೆ ಕಳಿಸಿದರೆ ದೀಪ ಮಿನುಗಬೇಕು, ಮೋಟಾರು ತಿರುಗಬೇಕು. ಪಿನ್ನುಗಳ ಪಕ್ಕದಲ್ಲಿ ಕನ್ನಡದಲ್ಲೇ ಹೆಸರು. ವೈರು ಉಲ್ಟಾ ಕೊಟ್ಟರೂ ಸುಡದಂತೆ ರಕ್ಷಣೆ. ಮಕ್ಕಳು ಎಲ್ಲೆಲ್ಲಿ ಎಡವಿದರು ಎಂದು ತಿಳಿದುಕೊಂಡು, ತಿದ್ದಿ, ನಾಳೆ ವಿನ್ಯಾಸವನ್ನು ಫ್ಯಾಕ್ಟರಿಗೆ ಕಳಿಸಬೇಕಿತ್ತು. ಆಮೇಲೆ ತಿದ್ದುವಂತಿಲ್ಲ, ಸಾವಿರ ಬೋರ್ಡು ಹಾಗೆಯೇ ತಯಾರಾಗುತ್ತವೆ. ಅದಕ್ಕೆಂದೇ ಕಂಪ್ಲಿ ಬಸ್ಸು ಹತ್ತಿ, ಭತ್ತದ ಲಾರಿಗಳ ಹಿಂದೆ ತೆವಳಿಕೊಂಡು ಬಂದರೆ, ಇಲ್ಲಿ ಹೂ ಏರಿಸಿ ಕೂಡಿಸಿದ್ದಾರೆ!

"ಮಕ್ಕಳು ಮುಟ್ಟೇ ಇಲ್ಲೇನ್ರೀ?"

"ಮುಟ್ಟಿದ್ರ ಕೆಡ್ತಾವಲ್ರೀ. ಹೋದ ವರ್ಷ ಒಂದು ಸೂಕ್ಷ್ಮದರ್ಶಕದ ಗಾಜು ಒಡೀತು. ಎಷ್ಟು ಮಂದಿಗೆ ಉತ್ತರ ಕೊಟ್ಟೀನಿ ನನಗ ಗೊತ್ತು. ಕೆಟ್ರ ನೀವು ಆರಾಮಾಗಿ ಹೊಸಪೇಟ್ಯಾಗ ಇರ್ತೀರಿ, ಬೈಸಿಕೊಳ್ಳಾಕಿ ನಾನು."

ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಪ್ರಿಯಂವದಾಳಿಗೆ ಇನ್ನಷ್ಟು ಸಿಟ್ಟು ಬಂತು.

"ಇದು ಕೆಡಾದಿಲ್ರೀ! ತಡೀರಿ, ತೋರಿಸ್ತೀನಿ."

ಒಂದು ಬೋರ್ಡನ್ನು ಎತ್ತಿಕೊಂಡು, ಹೂ ಕೊಡವಿ, ದುಪಟ್ಟಾದ ಸೆರಗಿನಿಂದ ಗಂಧ ಒರೆಸಿದಳು. ಒಂಬತ್ತನೇ ತರಗತಿಯ ಮಕ್ಕಳು ಮಾರು ದೂರದಲ್ಲಿ ನಿಂತು ಕತ್ತು ಚಾಚಿದರು.

"ನೋಡ್ರಿ ಎಲ್ಲಾರೂ. ಬೇಕಂತನ ತಪ್ಪು ಮಾಡ್ತೀನಿ. ವೈರ್ ಉಲ್ಟಾ ಕೊಡ್ತೀನಿ. ಏನೂ ಆಗಾದಿಲ್ಲ."

ಬ್ಯಾಟರಿಯ ವೈರುಗಳನ್ನು ಉಲ್ಟಾ ಸಿಕ್ಕಿಸಿದಳು. ಚಟ್ ಎಂದಿತು. ಎಳೆ ಹೊಗೆ ಎದ್ದು, ಸುಟ್ಟ ವಾಸನೆ ಕೋಣೆ ತುಂಬಿತು.

ಅವಳು ಇಟ್ಟಿದ್ದ ರಕ್ಷಣೆ ವೈರಿನ ತಪ್ಪಿಗೆ. ಬೋರ್ಡಿನ ಮೇಲಿನ ಚಿಪ್‌ನ ಅಡಿಗೆ ಇಳಿದು ಇನ್ನೂ ಹಸಿಯಾಗಿಯೇ ಇದ್ದ ಗಂಧದ ನೀರಿಗೆ ಯಾವ ರಕ್ಷಣೆಯನ್ನೂ ಇಟ್ಟಿರಲಿಲ್ಲ. ವರ್ಷಾವರ್ಷ ಅಮ್ಮ ತನ್ನ ಕಂಪ್ಯೂಟರಿಗೇ ಕುಂಕುಮ ಹಚ್ಚುವುದನ್ನು ಕಣ್ಣಾರೆ ಕಂಡಿದ್ದರೂ ಇದು ಹೊಳೆದಿರಲಿಲ್ಲವಲ್ಲ, ಹಾಳು ಬುದ್ಧಿ!

"ನಾ ಹೇಳಲಿಲ್ಲೇನ್ರೀ?" ಎಂದು ರೇಣುಕಾದೇವಿ ಬೀರುವಿಗೆ ಬೀಗ ಹಾಕಿದರು.

ಪ್ರಿಯಂವದಾಳಿಗೆ ಅಳು ಬರುವಂತಾಯಿತು. ಒಂದು ಬೋರ್ಡು ಹೋದದ್ದಕ್ಕಲ್ಲ. ಮಕ್ಕಳ ಹೆದರಿಕೆಯನ್ನು ಓಡಿಸಲು ಬಂದವಳು, ಹೆದರಿದ್ದೇ ಸರಿ ಎಂದು ಅವರೆದುರೇ ತೋರಿಸಿಕೊಟ್ಟಿದ್ದಳು.

ಅಂಜಲಿ ಎಂಬ ಹುಡುಗಿ ಗುಂಪಿನಿಂದ ಮುಂದೆ ಬಂದಳು. "ಮೇಡಂ, ಅದು ಪೂರ್ತಿ ಕೆಟ್ಟೋತೇನ್ರೀ?"

"ಹೂಂ."

"ಇನ್ನ ಕೆಡಾಕ ಏನೂ ಉಳಿದಿಲ್ಲೇನ್ರೀ?"

"ಇಲ್ಲವ್ವಾ, ಇಲ್ಲ!" ಪ್ರಿಯಂವದಾ ರೇಗಿದಳು.

"ಹಂಗಾರ ಈಗ ಮುಟ್ಲೇನ್ರೀ?"

ಉತ್ತರಕ್ಕೆ ಯಾರೂ ಕಾಯಲಿಲ್ಲ. ಇಡೀ ತರಗತಿ ಆ ಸುಟ್ಟ ಬೋರ್ಡಿಗೆ ಮುಗಿಬಿತ್ತು.